ಮೋಡಾನೂ ನೋಡ್ಬೇಕು, ಫೋನೂ ನೋಡ್ಬೇಕು

ನಮ್ಮಪ್ಪ ಈಗ ಬೆಳಗ್ಗೆ ಎದ್ದ ಕೂಡ್ಲೆ ಫೋನಲ್ಲಿ ಹವಾಮಾನ ಹೇಳೋ ಮೇಘದೂತ್ ಆ್ಯಪ್ ನೋಡ್ತಾರೆ, ಆಮೇಲೆ ಅಂಗಳಕ್ಕೆ ಬಂದು ಮೋಡಾನೂ ನೋಡ್ತಾರೆ, ಎರಡೂ ಒಂದೇ ಹೇಳಿದ್ರೆ ಮಾತ್ರ ಟೊಮ್ಯಾಟೊಗೆ ಔಷಧಿ ಹೊಡೆಯೋದು. 2019ರಲ್ಲಿ ಹವಾಮಾನ ಇಲಾಖೆಯವ್ರು, ಕೇಂದ್ರದ ಕೃಷಿ ಸಂಶೋಧನಾ ಮಂಡಳಿ ಐಸಿಎಆರ್‌ನವ್ರು ಎಲ್ಲಾ ಸೇರಿ ತಂದಿದ್ದು ಇದು, ಮಂಗಳವಾರ ಶುಕ್ರವಾರ ಬೆಳೆ ಸಲಹೆ ಬರುತ್ತೆ, ಹೊಡೆದ ಔಷಧಿ ಮಳೇಲಿ ತೊಳ್ಕೊಂಡು ಹೋಗೋದು ತಪ್ಪಿದ್ರೆ ಒಂದೆಕರೆ ಇಟ್ಕೊಂಡಿರೋರಿಗೆ ಅದೇ ದೊಡ್ಡ ಉಳಿತಾಯ.

ಫೋನಲ್ಲಿ ಬೇರೆ ಕಡೆ ನೋಡೋ ಮಂಡಿ ರೇಟ್ ವಿಷ್ಯದಲ್ಲಿ ಮಾತ್ರ ನಂಗೆ ಅಷ್ಟು ನಂಬಿಕೆ ಇಲ್ಲ, ಕೋಲಾರ ಮಂಡೀಲಿ 15 ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯ್ತು ಅಂತ ಮನೇಲೇ ಕೂತು ಗೊತ್ತಾಗುತ್ತೆ ಸರಿ, ಆದ್ರೆ ರೇಟ್ ಬಿದ್ದಿದೆ ಅಂತ ಗಿಡದಲ್ಲಿರೋ ಹಣ್ಣು ಕಾಯುತ್ತಾ? ಪಕ್ಕದ್ಮನೆ ಚಿಕ್ಕಪ್ಪಂಗಂತೂ ಇದ್ಯಾವ್ದೂ ಬೇಡ, ಸೀದಾ ಕಿಸಾನ್ ಕಾಲ್ ಸೆಂಟರ್‌ 1800-180-1551ಕ್ಕೆ ಫೋನ್ ಹಚ್ಚಿ ಕನ್ನಡದಲ್ಲೇ ಜಗಳ ಆಡ್ದಂಗೆ ಕೇಳ್ತಾರೆ, ಟೈಪ್ ಮಾಡೋ ಗೋಳಿಲ್ವಂತೆ 😄