ಬ್ಯಾಲೆನ್ಸ್ ಇದೆ, ಆದ್ರೆ ಫೋನ್ ಹೋಗಲ್ಲ

ಅಂಗಡಿಗೆ ಬರುವ ದೂರುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಹೊಸನಗರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ರೀಚಾರ್ಜ್ ಅಂಗಡಿ. ಈಗ ಮುಕ್ಕಾಲು ಜನ ಫೋನಿನಲ್ಲೇ ರೀಚಾರ್ಜ್ ಮಾಡಿಕೊಳ್ಳುತ್ತಾರೆ. ನನಗೆ ಬರುವ ಕಮಿಷನ್ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ದುಡ್ಡು ಹೋದಮೇಲೆ ಯಾಕೆ ಹೋಯಿತು ಅಂತ ಕೇಳೋಕೆ ಮಾತ್ರ ಎಲ್ಲರೂ ನನ್ನ ಹತ್ತಿರವೇ ಬರುತ್ತಾರೆ. ದಿನಾ ಅದನ್ನೇ ಹೇಳಿ ಹೇಳಿ ಗಂಟಲು ಒಣಗುತ್ತದೆ. ಅದಕ್ಕೇ ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು.

ಎಲ್ಲ ಪದವೂ ನಿಮಗೆ ಗೊತ್ತಿರಬೇಕಾಗಿಲ್ಲ. ನಿಮ್ಮ ಜೇಬಿಗೆ ಕೈ ಹಾಕುವ ಪದಗಳು ಗೊತ್ತಿದ್ದರೆ ಸಾಕು.

ಮೊದಲು ಬ್ಯಾಲೆನ್ಸ್ ಮತ್ತು ವ್ಯಾಲಿಡಿಟಿ. ಬ್ಯಾಲೆನ್ಸ್ ಅಂದರೆ ಖಾತೆಯಲ್ಲಿರುವ ದುಡ್ಡು. ವ್ಯಾಲಿಡಿಟಿ ಅಂದರೆ ನಿಮಗೆ ಕೊಟ್ಟಿರುವ ದಿನಗಳು. ಪ್ಲಾನಿನ ದಿನ ಮುಗಿದರೆ ಖಾತೆಯಲ್ಲಿ ನೂರು ರೂಪಾಯಿ ಇದ್ದರೂ ಕಾಲ್ ಹೋಗುವುದಿಲ್ಲ. ಇನ್ನೊಂದಿಷ್ಟು ದಿನ ಬಿಟ್ಟರೆ ಬರುವ ಕಾಲೂ ನಿಲ್ಲುತ್ತದೆ. ಟಾಪ್‌ಅಪ್ ಹಾಕಿಸಿದರೆ ದುಡ್ಡು ಮಾತ್ರ ಏರುತ್ತದೆ, ದಿನ ಏರುವುದಿಲ್ಲ. ಹತ್ತು ರೂಪಾಯಿ ಟಾಪ್‌ಅಪ್‌ಗೆ 7 ರೂಪಾಯಿ 47 ಪೈಸೆ ಬರುವುದನ್ನು ನೋಡಿ, ಉಳಿದಿದ್ದನ್ನು ನಾನು ನುಂಗಿದೆ ಅಂದುಕೊಳ್ಳುವವರೂ ಇದ್ದಾರೆ. ಅದು 18 ಪರ್ಸೆಂಟ್ ಜಿಎಸ್‌ಟಿ ಮತ್ತು ಕಂಪನಿಯ ಪ್ರೊಸೆಸಿಂಗ್ ಚಾರ್ಜ್, ನನಗಲ್ಲ ಮಾರಾಯ್ರೆ.

ಇನ್ನು 28 ದಿನದ ಲೆಕ್ಕ. ಎಲ್ಲರೂ ಅದನ್ನು ‘ಒಂದು ತಿಂಗಳು’ ಅಂತಾರೆ. ವರ್ಷಕ್ಕೆ ಹನ್ನೆರಡು ಸಲ ಅಂದುಕೊಂಡು ಹದಿಮೂರು ಸಲ ಕಟ್ಟುತ್ತಾರೆ. ಈ ಬಗ್ಗೆ ಜನ ಗಲಾಟೆ ಮಾಡಿದ ಮೇಲೆ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್ 2022ರಲ್ಲಿ ಒಂದು ನಿಯಮ ತಂತು. ಪ್ರತಿ ಕಂಪನಿಯೂ 30 ದಿನದ ಒಂದು ಪ್ಲಾನ್, ಪ್ರತಿ ತಿಂಗಳು ಅದೇ ತಾರೀಕಿಗೆ ಕಟ್ಟುವ ಒಂದು ಪ್ಲಾನ್ ಇಡಲೇಬೇಕು. ಇಟ್ಟಿದ್ದಾರೆ. ಆದರೆ ಆ್ಯಪ್ ತೆರೆದ ತಕ್ಷಣ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟಿಲ್ಲ, ಅಷ್ಟೇ.

ಇದಕ್ಕಿಂತ ನನಗೆ ಹೊಟ್ಟೆ ಉರಿಯುವುದು ಕೀಪ್ಯಾಡ್ ಫೋನಿನವರನ್ನು ನೋಡಿದಾಗ. ರಿಪ್ಪನ್‌ಪೇಟೆ ಕಡೆಯಿಂದ ಒಬ್ಬರು ಅಜ್ಜಿ ಬರುತ್ತಾರೆ. ಫೋನಿನಲ್ಲಿ ಇರುವುದು ಬಟನ್ ಮತ್ತು ಟಾರ್ಚು. ಅವರಿಗೆ ಯಾರೋ ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವ ಪ್ಲಾನ್ ಹಾಕಿಕೊಟ್ಟಿದ್ದರು. “ಅಜ್ಜಿ, ನಿಮಗೆ ನೆಟ್ ಯಾಕೆ?” ಅಂದೆ. “ಮಗ ಫೋನ್ ಮಾಡಿದ್ರೆ ಕೇಳ್ಬೇಕಲ್ಲೇ” ಅಂದರು. ಕೇಳೋಕೆ ಡೇಟಾ ಬೇಡ. ಬರೀ ಕಾಲ್ ಮತ್ತು ಮೆಸೇಜ್ ಇರುವ ಪ್ಲಾನನ್ನು ಪ್ರತಿ ಕಂಪನಿಯೂ ಕೊಡಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದೆ. ಇಂಥ ಸ್ಪೆಷಲ್ ಪ್ಲಾನ್‌ಗೆ ಮೊದಲು 90 ದಿನ ಗರಿಷ್ಠವಾಗಿತ್ತು, ಈಗ 365 ದಿನದವರೆಗೆ ಕೊಡಬಹುದು. ಅಂಗಡಿಯಲ್ಲಿ ‘ವಾಯ್ಸ್ ಓನ್ಲಿ’ ಪ್ಲಾನ್ ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಜಾಸ್ತಿ ದುಡ್ಡಿನ ಪ್ಲಾನಿಗೆ ಜಾಸ್ತಿ ಕಮಿಷನ್, ನನ್ನ ಕಸುಬಿನವರ ಬಗ್ಗೆಯೇ ಹೇಳ್ತಿದೀನಿ.

‘ಅನ್‌ಲಿಮಿಟೆಡ್’ ಅಂತ ಬರೆದ ಕಡೆ ಪಕ್ಕದಲ್ಲೊಂದು ಚುಕ್ಕಿ ಇರುತ್ತದೆ. ಆ ಚುಕ್ಕಿಯ ವಿವರ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ. ಮೊಬೈಲಿನಲ್ಲಿ ದಿನದ ಡೇಟಾ ಮುಗಿದಮೇಲೆ ನೆಟ್ ಪೂರ್ತಿ ನಿಲ್ಲುವುದಿಲ್ಲ, ಸಾಮಾನ್ಯವಾಗಿ 64 ಕೆಬಿಪಿಎಸ್ ಅನ್ನುವ ಆಮೆವೇಗಕ್ಕೆ ಇಳಿಯುತ್ತದೆ. ಆ ವೇಗದಲ್ಲಿ ಒಂದು ಎಂಬಿ ಫೋಟೋ ಬರೋಕೆ ಎರಡು ನಿಮಿಷ ಬೇಕು. ಮನೆಗೆ ತಂತಿಯಲ್ಲಿ ಬರುವ ಫೈಬರ್ ನೆಟ್‌ಗೂ ಹೀಗೇ ಒಂದು ಮಿತಿ ಇದೆ, ಅದನ್ನು ಎಫ್‌ಯುಪಿ ಅಂತಾರೆ. ತಿಂಗಳಿಗೆ 3300 ಜಿಬಿ ಇರುವ ಪ್ಲಾನ್ ತುಂಬ ಸಾಮಾನ್ಯ. ಒಂದು ಮನೆಯವರು ಅಷ್ಟು ಮುಗಿಸುವುದು ಕಷ್ಟ, ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಬೆಲೆ ನೋಡಿ. ಮೊಬೈಲ್ ಪ್ಲಾನಿನ ಬೆಲೆಯಲ್ಲಿ ಟ್ಯಾಕ್ಸ್ ಸೇರಿರುತ್ತದೆ. ಫೈಬರ್ ಪ್ಲಾನಿನ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. 499 ಅಂತ ಹಾಕಿಸಿಕೊಂಡರೆ ಬಿಲ್ 588 ರೂಪಾಯಿ 82 ಪೈಸೆ ಬರುತ್ತದೆ.

“50ರ ಸ್ಪೀಡ್ ಅಂದ್ರು, ಡೌನ್‌ಲೋಡ್ ಮಾಡಿದ್ರೆ ಆರು ತೋರಿಸ್ತದೆ, ಮೋಸ!” ಅಂತ ಕಾಲೇಜು ಹುಡುಗರೂ ಬರುತ್ತಾರೆ. ಮೋಸ ಅಲ್ಲ. ಕಂಪನಿ ಹೇಳುವುದು ಮೆಗಾಬಿಟ್‌ನಲ್ಲಿ. ಕಂಪ್ಯೂಟರ್ ತೋರಿಸುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 50ನ್ನು ಎಂಟರಿಂದ ಭಾಗಿಸಿ, ಆರೂಕಾಲು ಬರುತ್ತದೆ. ಆರು ತೋರಿಸಿದರೆ ನಿಮ್ಮ ಲೈನ್ ಸರಿಯಾಗಿದೆ ಅಂತ ಅರ್ಥ. ಎರಡು ತೋರಿಸಿದರೆ ಆಗ ಜಗಳಕ್ಕೆ ಹೋಗಿ. ಹೋಗುವ ಮೊದಲು ವೈಫೈ ಕೊಡುವ ಡಬ್ಬಿ, ಅಂದರೆ ರೂಟರ್ ಪಕ್ಕ ಕೂತು ಇನ್ನೊಮ್ಮೆ ನೋಡಿ.

ಯಾಕೆ ಅಂದರೆ ರೂಟರ್ ಎರಡು ಹೆಸರಿನ ವೈಫೈ ಕೊಡುತ್ತದೆ. ಒಂದರ ಹೆಸರಿನ ಕೊನೆಯಲ್ಲಿ ‘5ಜಿ’ ಅಂತ ಇರುತ್ತದೆ. ಮೇಷ್ಟ್ರೊಬ್ಬರು ಅದನ್ನು ನೋಡಿ, “ನನ್ನ ಫೋನ್ 4ಜಿ, ಇದು ನನಗೆ ಆಗಲ್ಲ ಅಲ್ವಾ?” ಅಂತ ಕೇಳಿದರು. 2022ರ ಅಕ್ಟೋಬರ್‌ನಲ್ಲಿ ದೇಶಕ್ಕೆ ಬಂದ ಮೊಬೈಲ್ 5ಜಿಗೂ ಇದಕ್ಕೂ ಸಂಬಂಧವೇ ಇಲ್ಲ. ರೂಟರಿನ ಮೇಲಿರುವುದು 5 ಗಿಗಾಹರ್ಟ್ಸ್. ಇನ್ನೊಂದು 2.4 ಗಿಗಾಹರ್ಟ್ಸ್. ಐದರದ್ದು ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಮ್ಮಿ. 2.4 ನಿಧಾನ, ಆದರೆ ದೂರ ಹೋಗುತ್ತದೆ. ನಮ್ಮ ಕಡೆಯ ಹಳೇ ಮನೆಗಳ ಮಣ್ಣಿನ ಗೋಡೆ ಎಷ್ಟು ದಪ್ಪ ಗೊತ್ತಲ್ಲ. ಜಗಲಿಯಲ್ಲಿ ರೂಟರ್ ಇಟ್ಟು ಅಡುಗೆಮನೆಯಲ್ಲಿ ಐದರದ್ದು ಹಿಡಿಯಬೇಕು ಅಂದರೆ ಆಗುವುದಿಲ್ಲ.

ಫೈಬರ್ ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಒಂದು ದೀಪ ಇದೆ. ಅದು ಕೆಂಪಾದರೆ ತಂತಿಯೊಳಗೆ ಬರಬೇಕಾದ ಬೆಳಕು ನಿಮ್ಮ ಡಬ್ಬಿವರೆಗೆ ಬರುತ್ತಿಲ್ಲ ಅಂತ. ಹೆಚ್ಚಾಗಿ ಎಲ್ಲೋ ಫೈಬರ್ ತುಂಡಾಗಿರುತ್ತದೆ, ಇಲ್ಲ ಮಡಚಿಕೊಂಡಿರುತ್ತದೆ. ಮಳೆಗಾಲದಲ್ಲಿ ಕೊಂಬೆ ಬಿದ್ದು, ಬೇಸಿಗೆಯಲ್ಲಿ ಮಂಗ ಎಳೆದು, ನಮ್ಮಲ್ಲಿ ಇದು ಮಾಮೂಲು. ಸುಮ್ನೆ ಹತ್ತು ಸಲ ಆಫ್ ಮಾಡಿ ಆನ್ ಮಾಡಬೇಡಿ. ಲೈನಿನವರಿಗೆ “ನೆಟ್ ಬರ್ತಿಲ್ಲ” ಅನ್ನುವ ಬದಲು “ಎಲ್‌ಒಎಸ್ ಕೆಂಪು ಬಂದಿದೆ” ಅನ್ನಿ. ತುಂಡು ಜೋಡಿಸುವ ಮೆಷಿನ್ ತಗೊಂಡೇ ಬರುತ್ತಾರೆ. ಒಂದು ಓಡಾಟ ಉಳಿಯುತ್ತದೆ.

ಈಗ ನಮ್ಮ ಮಲೆನಾಡಿನವರಿಗೆ ಎಲ್ಲಕ್ಕಿಂತ ಉಪಯೋಗದ ವಿಷಯ, ವೈಫೈ ಕಾಲಿಂಗ್. ವೋವೈಫೈ ಅಂತಲೂ ಬರೆದಿರುತ್ತಾರೆ. ಎಷ್ಟೋ ಹಳ್ಳಿ ಮನೆಗಳಿಗೆ ಫೈಬರ್ ಬಂದಿದೆ, ಟವರ್ ಸಿಗ್ನಲ್ ಮಾತ್ರ ಇಲ್ಲ. ಮಾತಾಡೋಕೆ ಗುಡ್ಡ ಹತ್ತುತ್ತಾರೆ. ಮನೆಯಲ್ಲಿ ಕೂತು ಸಿನಿಮಾ ನೋಡುವಷ್ಟು ನೆಟ್ ಇರುತ್ತದೆ! ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಇರುವ ಕಡೆ ಹೋಗಿ ‘ವೈಫೈ ಕಾಲಿಂಗ್’ ಆನ್ ಮಾಡಿ. ನಿಮ್ಮ ಅದೇ ನಂಬರಿನಿಂದ ವೈಫೈ ಮೂಲಕ ಮಾಮೂಲಿ ಕಾಲ್ ಹೋಗುತ್ತದೆ, ಬರುತ್ತದೆ. ದೇಶದೊಳಗಿನ ಕಾಲ್‌ಗೆ ಬೇರೆ ಚಾರ್ಜ್ ಇಲ್ಲ. ಆ ಕಡೆಯವರ ಹತ್ತಿರ ಇದು ಇರಬೇಕಾಗಿಲ್ಲ. ನಿಮ್ಮ ಫೋನಿನಲ್ಲಿ ಮತ್ತು ನಿಮ್ಮ ಕಂಪನಿಯಲ್ಲಿ ಇದ್ದರೆ ಸಾಕು. ಒಂದೇ ತೊಂದರೆ, ಕರೆಂಟ್ ಹೋದರೆ ಡಬ್ಬಿ ಆಫ್, ಫೋನೂ ಆಫ್ ಆದ ಹಾಗೆ. ರೂಟರಿಗೆಂದೇ ಚಿಕ್ಕ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ನೋಡಿಕೊಂಡು ತಗೊಳ್ಳಿ.

ವೋಲ್ಟಿಇ ಅಂದರೆ 4ಜಿ ಮೇಲೇ ಕಾಲ್ ಹೋಗುವುದು. ಅದಿಲ್ಲದ ಫೋನಿನಲ್ಲಿ ಕಾಲ್ ಬಂದಾಗ 2ಜಿಗೆ ಇಳಿದು ನೆಟ್ ನಿಲ್ಲುತ್ತದೆ. ಅಷ್ಟೇ ವಿಷಯ.

ಪೋರ್ಟ್ ಮಾಡುವವರು ಸ್ವಲ್ಪ ನಿಧಾನವಾಗಿ ಓದಿ. 2011ರ ಜನವರಿಯಿಂದ ದೇಶದ ಎಲ್ಲ ಕಡೆ ನಂಬರ್ ಬದಲಿಸದೆ ಕಂಪನಿ ಬದಲಿಸಬಹುದು. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಮಾಡಿದರೆ ಯುಪಿಸಿ ಅನ್ನುವ ಎಂಟು ಅಕ್ಷರದ ಪೋರ್ಟ್ ಕೋಡ್ ಬರುತ್ತದೆ. ನಮ್ಮ ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನದ ಆಯುಸ್ಸು. ಈಗಿರುವ ಕಂಪನಿಯಲ್ಲಿ 90 ದಿನ ಆಗಿರಬೇಕು. ಹಳೇ ಸಿಮ್‌ನಲ್ಲಿ ಉಳಿದ ಬ್ಯಾಲೆನ್ಸ್, ಉಳಿದ ದಿನ ಯಾವುದೂ ಜೊತೆಗೆ ಬರುವುದಿಲ್ಲ. ವರ್ಷದ ಪ್ಲಾನ್ ಹಾಕಿಸಿ ಎರಡೇ ತಿಂಗಳಿಗೆ ಬೇಜಾರಾಗಿ ಪೋರ್ಟ್ ಮಾಡುತ್ತೇನೆ ಅನ್ನುವವರಿಗೆ ನಾನೇ ಕೈಮುಗಿದು ವಾಪಸ್ ಕಳಿಸುತ್ತೇನೆ. ಮೊದಲು ಪಕ್ಕದ ಮನೆಯವರ ಫೋನಿನಲ್ಲಿ ಆ ಕಂಪನಿ ಸಿಗ್ನಲ್ ಎಷ್ಟಿದೆ ನೋಡಿ.

ಸಂತೆ ದಿನ ಕೊಡೆ ಹಾಕಿಕೊಂಡು ಕೂತ ಹುಡುಗರ ಹತ್ತಿರ ಸಿಮ್ ತಗೊಳ್ಳುವಾಗ, “ಹೆಬ್ಬೆಟ್ಟು ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ಒತ್ತಿ” ಅಂದರೆ ಎಚ್ಚರ ಇರಲಿ. ಎಲ್ಲರೂ ಕಳ್ಳರಲ್ಲ. ಆದರೆ ಎರಡನೇ ಹೆಬ್ಬೆಟ್ಟಿಗೆ ನಿಮ್ಮ ಹೆಸರಿನಲ್ಲಿ ಎರಡನೇ ಸಿಮ್ ಹೊರಟಿರಬಹುದು. ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್‌ವರೆಗೆ ಇರಬಹುದು. ನಿಮ್ಮ ಹೆಸರಿನಲ್ಲಿ ಎಷ್ಟಿವೆ ಅಂತ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ತಿಳಿಸಬಹುದು. ಕಳೆದುಹೋದ ಫೋನನ್ನು ಬ್ಲಾಕ್ ಮಾಡಿಸುವುದೂ ಅಲ್ಲೇ. ಅದಕ್ಕೆ ಐಎಂಇಐ, ಅಂದರೆ ಆ ಫೋನಿನ 15 ಅಂಕಿಯ ಗುರುತಿನ ನಂಬರ್ ಬೇಕು. *#06# ಒತ್ತಿದರೆ ಬರುತ್ತದೆ. ಫೋನ್ ಕೈಯಲ್ಲಿ ಇರುವಾಗಲೇ ಬರೆದಿಡಿ, ಹೋದಮೇಲೆ ಎಲ್ಲಿ ಒತ್ತುತ್ತೀರಿ?

ಸಿಮ್‌ಗೆ ಹಾಕಿದ ಪಿನ್ ಮೂರು ಸಲ ತಪ್ಪಾದರೆ ಸಿಮ್ ಪಿಯುಕೆ, ಅಂದರೆ ಬೀಗ ತೆಗೆಯುವ ಕೋಡ್ ಕೇಳುತ್ತದೆ. ಊಹೆ ಮಾಡಿ ಒತ್ತಬೇಡಿ. ಹತ್ತು ಸಲ ತಪ್ಪಿದರೆ ಸಿಮ್ ಸತ್ತಹಾಗೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಆ ಪಿಯುಕೆ ತಗೊಳ್ಳಿ.

ಕೊನೆಗೆ ಡಾಕೆಟ್ ನಂಬರ್. ದೂರು ಕೊಟ್ಟಾಗ ಕಂಪನಿ ಕೊಡುವ ನಂಬರ್ ಅದು. ಅದಿಲ್ಲದಿದ್ದರೆ ನೀವು ದೂರು ಕೊಟ್ಟೇ ಇಲ್ಲ ಅಂತ ಲೆಕ್ಕ. ಕಳೆದ ಮಳೆಗಾಲ ನಮ್ಮ ಮನೆಯ ಲೈನ್ ಹೋಯಿತು. ಯಾರೂ ಬರಲಿಲ್ಲ, ಆದರೆ ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಮೆಸೇಜ್ ಮಾತ್ರ ಬಂತು. ಟ್ರಾಯ್‌ಗೆ ಬರೆಯೋಣ ಅಂದರೆ ಅವರು ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ಕಂಪನಿಯೊಳಗೇ ಅಪೀಲು ಅಧಿಕಾರಿ ಇರುತ್ತಾರೆ, ಹೆಸರು ವೆಬ್‌ಸೈಟಿನ ತೀರಾ ಕೆಳಗೆ ಇರುತ್ತದೆ. ಡಾಕೆಟ್ ನಂಬರ್ ಹಾಕಿ ಅಲ್ಲಿಗೆ ಬರೆದೆ. ಅಪೀಲಿಗೆ ಫೀಸ್ ಇಲ್ಲ, 39 ದಿನದೊಳಗೆ ತೀರ್ಮಾನ ಮಾಡಬೇಕು. ಅಷ್ಟು ದಿನ ಬೇಕಾಗಲಿಲ್ಲ. ಲೈನಿನ ಹುಡುಗ ಬಂದು ಸರಿಮಾಡಿದ, ನೆಟ್ ಇಲ್ಲದ ದಿನಗಳ ದುಡ್ಡು ಮುಂದಿನ ಬಿಲ್ಲಿನಲ್ಲಿ ಕಳೆದು ಬಂತು.