ಹಳೇ ಕಟಿಂಗ್ ಕಲಿಸಿದ ಪಾಠ

ವಿದೇಶ ಸುದ್ದಿ ಡೆಸ್ಕಿಗೆ ಸೇರಿದ ಹೊಸದರಲ್ಲಿ ಶ್ರೀಲಂಕಾ ರಾಜಕೀಯದ ಬಗ್ಗೆ ಒಂದು ಬರಹ ಮಾಡಿದ್ದೆ. ಕೊಲಂಬೊದ 'ಡೈಲಿ ನ್ಯೂಸ್' ಪತ್ರಿಕೆಯ ಎರಡು ಹಳೇ ಕಟಿಂಗ್ ನಂಬಿ, ಆಗಿನ ಸರ್ಕಾರದ ಮೇಲೆ ಜನಕ್ಕೆ ತುಂಬಾ ಖುಷಿ ಇತ್ತು ಅಂತ ಬರೆದೆ. ಕಾಪಿ ನೋಡಿದ ಹಿರಿಯ ಉಪಸಂಪಾದಕರು ಕೇಳಿದ್ದು ಒಂದೇ: "ಆಗ ಈ ಪತ್ರಿಕೆ ಯಾರ ಕೈಯಲ್ಲಿತ್ತು?" ನನಗೆ ಗೊತ್ತಿರಲಿಲ್ಲ. ಬರಹ ಅಲ್ಲಿಗೇ ನಿಂತಿತು.

ಆಮೇಲೆ ಕೂತು ಓದಿದೆ. 1918ರಲ್ಲಿ ಆ ಪತ್ರಿಕೆ ಶುರು ಮಾಡಿದ್ದು ಡಿ.ಆರ್. ವಿಜೇವರ್ಧನ. ಸಿಂಹಳದ 'ದಿನಮಿಣ', ತಮಿಳಿನ 'ತಿನಕರನ್' ಕೂಡ ಅವರ ಲೇಕ್ ಹೌಸ್ ಸಂಸ್ಥೆಯವೇ. 1964ರಲ್ಲಿ ಸಿರಿಮಾವೊ ಬಂಡಾರನಾಯಕೆ ಸರ್ಕಾರ ಸಂಸ್ಥೆಯನ್ನು ವಶಕ್ಕೆ ತೆಗೆದುಕೊಳ್ಳಲು ಹೊರಟಿತು. ಅವರ ಪಕ್ಷದವರೇ ಆದ ಸಿ.ಪಿ. ಡಿ ಸಿಲ್ವಾ ಒಂದಷ್ಟು ಸಂಸದರ ಜೊತೆ ಎದ್ದು ಎದುರು ಸಾಲಿಗೆ ಹೋದರು. ಒಂದೇ ಒಂದು ಮತದಿಂದ ಸರ್ಕಾರ ಸೋತಿತು! 1970ರಲ್ಲಿ ಸಿರಿಮಾವೊ ಮತ್ತೆ ಗೆದ್ದರು. 1973ರಲ್ಲಿ ಕಾನೂನು ಮಾಡಿ ಶೇ 75ರಷ್ಟು ಷೇರು ಸರ್ಕಾರದ ಹಿಡಿತಕ್ಕೆ ತಂದರು. ಮುಂದೆ ಅವನ್ನು ಜನರಿಗೆ ಹಂಚುವ ಮಾತೂ ಇತ್ತು.

ನನಗೆ ಜಾಸ್ತಿ ಬೇಸರ ತಂದಿದ್ದು ಅದರ ನಂತರದ ಕಥೆ. 1977ರಲ್ಲಿ ಜೆ.ಆರ್. ಜಯವರ್ಧನೆ ಭಾರಿ ಬಹುಮತದಿಂದ ಬಂದರು. ಬಿಟ್ಟುಕೊಡಲು ಬೇಕಾದಷ್ಟು ಬಲ ಅವರಿಗಿತ್ತು, ಬಿಡಲಿಲ್ಲ. 1994ರಲ್ಲಿ ಚಂದ್ರಿಕಾ ಕುಮಾರತುಂಗ ಬಂದರು. ಅವರ ಕಾಲದ ಸಮಿತಿಯೇ ಷೇರು ಹಂಚಿ ಅಂತ ಹೇಳಿತು, ಆಗಲಿಲ್ಲ. ಚುನಾವಣೆ ಆದಾಗೆಲ್ಲ ಪತ್ರಿಕೆಯ ಹೆಸರು ಅದೇ, ಹೊಗಳಿಕೆ ಮಾತ್ರ ಹೊಸಬರಿಗೆ. ಅಲ್ಲಿ ಕೂತು ಹೆಡ್ಡಿಂಗ್ ಕೊಡುವ ನಮ್ಮಂಥವರ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಂತ ಸರ್ಕಾರಿ ಪತ್ರಿಕೆಯನ್ನು ಸುಮ್ನೆ ಪಕ್ಕಕ್ಕಿಡಬಾರದು. ಮಂತ್ರಿ ಯಾವ ದಿನ ಏನು ಹೇಳಿದರು, ಯಾರ ನೇಮಕ ಆಯಿತು, ಇವಕ್ಕೆ ಅದು ಒಳ್ಳೆಯ ದಾಖಲೆ. ಜನರ ಮನಸ್ಸಿನಲ್ಲಿ ಏನಿತ್ತು ಅನ್ನೋದಕ್ಕೆ ಬೇರೆ ಕಡೆ ಹುಡುಕಬೇಕು.

ಈಗ ಯಾವ ಕಟಿಂಗ್ ತೆಗೆದಿಟ್ಟರೂ ತಾರೀಖಿನ ಪಕ್ಕ ಎರಡು ವಿಷಯ ಬರೆಯುತ್ತೇನೆ: ಪತ್ರಿಕೆ ಯಾರದ್ದು, ಆಗ ಅಧಿಕಾರದಲ್ಲಿ ಯಾರಿದ್ದರು. ಡೆಸ್ಕಿಗೆ ಹೊಸದಾಗಿ ಬರುವವರಿಗೂ ಮೊದಲ ವಾರವೇ ಇದನ್ನು ಹೇಳಿಕೊಡುತ್ತೇನೆ.