ಐಪಿವಿ4 ಆಫ್ ಮಾಡಿದ ಶನಿವಾರ

ಕಳೆದ ಶನಿವಾರ ಒಂದು ಹುಚ್ಚು ಕೆಲಸ ಮಾಡಿದೆ. ಮನೆಯ ನೆಟ್‌ವರ್ಕ್‌ನಲ್ಲಿ ಐಪಿವಿ4 (ಇಂಟರ್ನೆಟ್ಟಿನ ಹಳೇ ವಿಳಾಸ ಪದ್ಧತಿ) ಆಫ್ ಮಾಡಿ, ಬರೀ ಐಪಿವಿ6 (ಹೊಸ ಪದ್ಧತಿ) ಉಳಿಸಿಕೊಂಡೆ. ಬರೀ ಐಪಿವಿ4 ಇರುವ ಹಳೇ ಸೈಟುಗಳಿಗೆ ಅಂತ ನ್ಯಾಟ್64 (ಎರಡು ಪದ್ಧತಿಗಳ ನಡುವಿನ ಅನುವಾದಕ), ಡಿಎನ್ಎಸ್64 (ಸೈಟಿನ ಹೆಸರಿಗೆ ವಿಳಾಸ ಹೇಳುವುದು) ಎರಡನ್ನೂ ರೂಟರ್‌ನಲ್ಲಿ ಕೂರಿಸಿದ್ದೆ.

ಇದರ ಉಪಾಯ ನನಗೆ ತುಂಬಾ ಇಷ್ಟ. ಸೈಟಿಗೆ ಹೊಸ ವಿಳಾಸ ಇಲ್ಲ ಅಂದ್ರೆ ಡಿಎನ್ಎಸ್64 ತಾನೇ ಒಂದನ್ನು ಹೊಲಿದು ಕೊಡುತ್ತದೆ. ಮುಂದೆ 96 ಬಿಟ್‌ನ ಗೊತ್ತುಪಡಿಸಿದ ತುಂಡು, ಬಾಲದ 32 ಬಿಟ್‌ನಲ್ಲಿ ಹಳೇ ವಿಳಾಸ. ನ್ಯಾಟ್64 ಆ ಬಾಲ ಓದಿ ಪ್ಯಾಕೆಟ್ಟನ್ನು (ಡೇಟಾದ ತುಂಡನ್ನು) ಐಪಿವಿ4 ಕಡೆ ದಾಟಿಸುತ್ತದೆ.

ಬ್ರೌಸರ್ ಓಡಿತು, ವಿಡಿಯೋ ಓಡಿತು. ನಾನು ಬೀಗುತ್ತಿರುವಾಗಲೇ ಲ್ಯಾಪ್‌ಟಾಪ್‌ನ ಬ್ಯಾಕಪ್ ಪ್ರೋಗ್ರಾಮ್ ಕೈಕೊಟ್ಟಿತು. ಎಸ್‌ಟ್ರೇಸ್ (ಪ್ರೋಗ್ರಾಮ್ ಒಳಗೊಳಗೆ ಏನು ಮಾಡುತ್ತಿದೆ ಅಂತ ತೋರಿಸುವ ಸಾಧನ) ಹಾಕಿ ನೋಡಿದರೆ, ಅದು ಸರ್ವರ್‌ನ ಹೆಸರು ಹೇಳಿ ವಿಳಾಸವನ್ನೇ ಕೇಳುತ್ತಿಲ್ಲ! ಸರ್ವರ್‌ನ ಐಪಿವಿ4 ಅಂಕಿಯನ್ನೇ ಕೋಡ್‌ನೊಳಗೆ ಬರೆದಿಟ್ಟಿದ್ದಾರೆ, ಪುಣ್ಯಾತ್ಮರು. ಹೆಸರು ಹೇಳಿ ಕೇಳದಿದ್ದರೆ ಡಿಎನ್ಎಸ್64 ತಾನೇ ಏನು ಮಾಡೀತು, ಪಾಪ.

ಕೊನೆಗೆ ಲ್ಯಾಪ್‌ಟಾಪ್‌ನಲ್ಲೇ ಕ್ಲ್ಯಾಟ್ ಅನ್ನೋ ಇನ್ನೊಂದು ಅನುವಾದಕ ಹಾಕಿದೆ. ಪ್ರೋಗ್ರಾಮಿಗೆ ಐಪಿವಿ4 ಇದೆ ಅಂತ ನಂಬಿಸಿ, ಪ್ಯಾಕೆಟ್ಟನ್ನು 6ಕ್ಕೆ ತಿರುಗಿಸಿ ಕಳಿಸುತ್ತದೆ. ಆಚೆ ನ್ಯಾಟ್64 ಮತ್ತೆ 4 ಮಾಡುತ್ತದೆ. 464ಎಕ್ಸ್‌ಲ್ಯಾಟ್ ಅಂದರೆ ಇದೇ, 2013ರ ಆರ್‌ಎಫ್‌ಸಿ (ಇಂಟರ್ನೆಟ್ಟಿನ ತಾಂತ್ರಿಕ ದಾಖಲೆ) 6877.

ಆಮೇಲೂ ದೊಡ್ಡ ಫೈಲ್ ಮಾತ್ರ ನಡುವೆ ನಿಂತುಬಿಡುತ್ತಿತ್ತು. 4ರಿಂದ 6 ಮಾಡಿದಾಗ ಪ್ಯಾಕೆಟ್ಟಿನ ಹೆಡರ್ (ವಿಳಾಸವಿರುವ ಮುಂಭಾಗ) 20 ಬೈಟ್‌ನಿಂದ 40 ಆಗುತ್ತೆ ಅಲ್ವಾ? ತುಂಬಿದ ಪ್ಯಾಕೆಟ್ ಆಗ ಮಿತಿ ಮೀರುತ್ತದೆ. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1480ಕ್ಕೆ ಇಳಿಸಿದೆ, ಫೈಲ್ ಹೋಯಿತು.